ನಾಕೆ ಮೇಲಿನ ಇರಾನಿ

ಯಾವ ಹೊಟೇಲಿಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಕುರ್ಚಿ ಎಣಿಸುತ್ತದೆ. ಎಷ್ಟು ಟೇಬಲ್, ಟೇಬಲ್ಲಿಗೆ ಎಷ್ಟು ಮಂದಿ, ಒಬ್ಬ ಗಿರಾಕಿ ಕೂತು ಏಳುವುದಕ್ಕೆ ಎಷ್ಟು ನಿಮಿಷ, ಗಲ್ಲಾದಲ್ಲಿ ಕೂತವನಿಗೆ ಬಾಗಿಲು ಕಾಣುತ್ತದೋ ಇಲ್ಲವೋ. ನಲವತ್ತೈದು ವರ್ಷ ಮುಂಬೈಯಲ್ಲಿ ಹೊಟೇಲು ದಂಧೆ ಮಾಡಿದವನ ರೋಗ ಇದು. ದಂಧೆ ಮಗನ ಕೈಗೆ ಹೋಯಿತು, ರೋಗ ನನ್ನ ಹತ್ತಿರವೇ ಉಳಿಯಿತು. ಹೋದ ತಿಂಗಳು ತಂಗಿಯ ಮಗಳನ್ನು ಕರೆದುಕೊಂಡು ಧೋಬಿ ತಲಾವಿನ ಕಯಾನಿ ಎಂಬ ಹಳೇ ಇರಾನಿ ಹೊಟೇಲಿಗೆ ಹೋದಾಗಲೂ ಹಾಗೇ ಆಯಿತು.

"ಮಾವ, ತುಟಿ ಅಲ್ಲಾಡಿಸ್ಬೇಡಿ. ಎಣಿಸೋದು ಎಲ್ಲರಿಗೂ ಗೊತ್ತಾಗ್ತದೆ" ಅಂದಳು.

ಅವಳು ಇಲ್ಲೇ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಹಳೇ ಮುಂಬೈಯ ಒಂದು ನಾಕೆ ಅಂಗಡಿಯನ್ನು ನೋಡಿ, ಅದರ ಬಗ್ಗೆ ಹತ್ತು ಪುಟ ಬರೆದು ಕೊಡಬೇಕಂತೆ ಕಾಲೇಜಿಗೆ. ನಾಕಾ ಅಂದರೆ ಮುಂಬೈಯಲ್ಲಿ ರಸ್ತೆ ಕೂಡುವ ಮೂಲೆ. ನಮ್ಮ ಕಡೆ ಕ್ರಾಸು ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಮುಂಬೈಯವರು 'ನಾಕೆ ಮೇಲಿನ ಇರಾನಿ' ಅಂದರೆ ಸಾಕು, ಯಾವ ಥರದ ಹೊಟೇಲು ಅಂತ ಕೇಳಬೇಕಾಗಿಲ್ಲ: ಇರಾನಿನಿಂದ ಬಂದವರು ಇಟ್ಟ ಚಹಾ, ಬ್ರೆಡ್ಡಿನ ಹೊಟೇಲು. ಅವಳಿಗೆ ಮರದ ತೊಲೆ ನೋಡಬೇಕಿತ್ತು, ನನಗೆ ಮಾವಾ ಕೇಕ್ ತಿನ್ನಬೇಕಿತ್ತು. ಇಬ್ಬರ ಕೆಲಸವೂ ಆಯಿತು.

ಘಾಟ್ಕೋಪರಿನಿಂದ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದೆವು. ನಾನು ಇವತ್ತಿಗೂ ಹಳೇ ಹೆಸರು ಹಿಡಿದು ವೀಟಿ, ವಿಕ್ಟೋರಿಯಾ ಟರ್ಮಿನಸ್, ಅಂತಲೇ ಹೇಳುವುದು. ಅಲ್ಲಿಂದ ಮಹಾಪಾಲಿಕಾ ಮಾರ್ಗ ಹಿಡಿದು ಕಾಮಾ ಆಸ್ಪತ್ರೆ, ಸೇಂಟ್ ಝೇವಿಯರ್ಸ್ ಕಾಲೇಜು ದಾಟಿದರೆ ಎದುರಿಗೇ ಮೆಟ್ರೋ ಸಿನಿಮಾ. ಹಾಲಿವುಡ್ಡಿನ ಎಂಜಿಎಂ ಕಂಪನಿ 1938ರಲ್ಲಿ ಕಟ್ಟಿಸಿದ ಥಿಯೇಟರು ಅದು, ಈಗ ಮಲ್ಟಿಪ್ಲೆಕ್ಸ್. ಆ ದಾರಿಯಲ್ಲಿ ದೊಡ್ಡ ದೊಡ್ಡ ಕಲ್ಲಿನ ಕಟ್ಟಡಗಳಿವೆ, ಪ್ರವಾಸಿಗರು ಫೋಟೋ ಹೊಡೆಯುತ್ತಾ ನಿಂತಿರುತ್ತಾರೆ. ಹುಡುಗಿ ಅವುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಅದೆಲ್ಲ ದೊಡ್ಡವರು ಕಟ್ಟಿಸಿದ್ದು ಮಾವ, ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ" ಅಂದಳು. ನನಗೆ ಆ ಮಾತು ಹಿಡಿಸಿತು.

ಮೆಟ್ರೋ ಎದುರಿಗಿನ ಜೇರ್ ಮಹಲ್ ಎಂಬ ಹಳೇ ಕಟ್ಟಡದ ನೆಲ ಅಂತಸ್ತಿನಲ್ಲಿದೆ ಕಯಾನಿ ಆ್ಯಂಡ್ ಕಂಪನಿ. ಶುರುವಾದದ್ದು 1904ರಲ್ಲಿ. (ಪುಣೆಯಲ್ಲಿ ಶ್ರೂಸ್‌ಬರಿ ಬಿಸ್ಕತ್ತಿಗೆ ಹೆಸರಾದ ಕಯಾನಿ ಬೇಕರಿ ಬೇರೆ, ಇದು ಬೇರೆ. ಪ್ರತಿ ಸಲ ಯಾರಾದರೊಬ್ಬರು ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೇ ಹೇಳಿದೆ.)

ಧೋಬಿ ತಲಾವ್ ಎಂಬ ಹೆಸರಿನಲ್ಲಿರುವ ತಲಾವ್ ಈಗ ಇಲ್ಲ. ಧೋಬಿಗಳು ಬಟ್ಟೆ ಒಗೆಯುತ್ತಿದ್ದ ಕೆರೆಯೊಂದು ಇಲ್ಲಿತ್ತು. ಫ್ರಾಮ್‌ಜಿ ಕಾವಸ್‌ಜಿ ಎಂಬ ಪಾರ್ಸಿ ಶ್ರೀಮಂತರು ತಮ್ಮ ದುಡ್ಡು ಹಾಕಿ ಅದನ್ನು ದುರಸ್ತಿ ಮಾಡಿಸಿದ್ದರು. ಊರು ಬೆಳೆದಂತೆ ಕೆರೆ ಮುಚ್ಚಿತು, ಹೆಸರು ಉಳಿಯಿತು. ಕೆರೆ ಹೋದ ಜಾಗಕ್ಕೆ ಐದಾರು ದಿಕ್ಕಿನಿಂದ ರಸ್ತೆಗಳು ಬಂದು ಕೂಡಿದವು. ರಸ್ತೆ ಕೂಡುವಲ್ಲಿ ಜನ ಕೂಡುತ್ತಾರೆ, ಜನ ಕೂಡುವಲ್ಲಿ ಚಹಾ ಮಾರಾಟವಾಗುತ್ತದೆ. ಜೇರ್ ಮಹಲ್ ನಿಂತಿರುವುದು ಆ ನಾಕೆಯಲ್ಲೇ.

ಹೊರಗೆ ನಿಂತು ಕಟ್ಟಡವನ್ನು ಕತ್ತೆತ್ತಿ ನೋಡಿದ್ದು ನಾನು ಅವತ್ತೇ ಮೊದಲು. ಐವತ್ತು ವರ್ಷದಿಂದ ಬರುತ್ತಿದ್ದೇನೆ, ಬೋರ್ಡಿನಿಂದ ಮೇಲಕ್ಕೆ ಕಣ್ಣು ಹೋಗಿರಲಿಲ್ಲ. ಮೇಲೆ ಸಾಲಾಗಿ ಮರದ ಬಾಲ್ಕನಿಗಳು, ಒಣಗಲು ಹಾಕಿದ ಅಂಗಿ, ಎಸಿಯ ಡಬ್ಬಗಳು. ಆ ಕಾಲದ ಮುಂಬೈ ಕಟ್ಟಡಗಳು ಇಟ್ಟಿಗೆ ಗೋಡೆ ಮತ್ತು ಮರದ ಚೌಕಟ್ಟಿನ ಮೇಲೆ ನಿಂತವು. ಸಾಗುವಾನಿ ಬರ್ಮಾದಿಂದ ಬರುತ್ತಿತ್ತು, ನಮ್ಮ ಉತ್ತರ ಕನ್ನಡದ ಕಾಡಿನಿಂದಲೂ ಬರುತ್ತಿತ್ತು. 1862ರಿಂದ ಉತ್ತರ ಕನ್ನಡ ಬಾಂಬೆ ಪ್ರೆಸಿಡೆನ್ಸಿಗೇ ಸೇರಿತ್ತಲ್ಲ. ಇದನ್ನು ಹೇಳಿದಾಗ ಹುಡುಗಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಮಾವನಿಂದ ಬರೆದುಕೊಳ್ಳುವಂಥದ್ದು ಏನೋ ಸಿಕ್ಕಿತಲ್ಲ ಅಂತ ನನಗೂ ಖುಷಿ.

ಈ ಕಟ್ಟಡದ ಮೇಲಂತಸ್ತಿನ ಕಥೆ ನಮ್ಮಂಥ ಕರಾವಳಿಯವರಿಗೆ ತಿಳಿದಿರಬೇಕು. ಜೇರ್ ಮಹಲಿನಲ್ಲಿ ಗೋವಾದವರ 'ಕೂಡ್'ಗಳಿವೆ. ಕೂಡ್ ಅಂದರೆ ಒಂದೊಂದು ಹಳ್ಳಿಯವರು ಸೇರಿ ನಡೆಸುವ ವಸತಿ ಕ್ಲಬ್ಬು. ಹಡಗಿನ ಕೆಲಸಕ್ಕೆ ಹೋಗುವವರು, ಕೆಲಸ ಹುಡುಕಿ ಬಂದವರು ತಮ್ಮ ಊರಿನ ಕೂಡಿನಲ್ಲಿ ಪೆಟ್ಟಿಗೆ ಇಟ್ಟು ಮಲಗುತ್ತಿದ್ದರು. ಒಂದು ಬದಿಯಲ್ಲಿ ಆಲ್ಟರು, ಗೋಡೆಯುದ್ದಕ್ಕೂ ಟ್ರಂಕುಗಳು, ಸಂಜೆ ಎಲ್ಲರೂ ಸೇರಿ ಪ್ರಾರ್ಥನೆ. ಕೆಲಸ ಕೊಟ್ಟ ಊರಲ್ಲಿ ಮನೆ ಇಲ್ಲದವರಿಗೆ ಸ್ವಂತ ಊರೇ ಮನೆಯಾಗಿ ಬಂದ ಹಾಗೆ. ನಮಗೆ ಅಷ್ಟು ವ್ಯವಸ್ಥೆ ಇರಲಿಲ್ಲ. ನಾನು 1971ರಲ್ಲಿ ಕಾರ್ಕಳದ ಕಡೆಯಿಂದ ಹದಿಮೂರರ ಪ್ರಾಯದಲ್ಲಿ ಬಂದು ಫೋರ್ಟಿನ ಒಂದು ಉಡುಪಿ ಹೊಟೇಲಿನಲ್ಲಿ ಕ್ಲೀನರ್ ಆಗಿ ಸೇರಿದಾಗ, ರಾತ್ರಿ ಹೊಟೇಲು ಮುಚ್ಚಿದ ಮೇಲೆ ಟೇಬಲುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದೆವು. ಅದಕ್ಕೂ ಮುಂಚೆ ಕನ್ನಡ ರಾತ್ರಿ ಶಾಲೆ. ನಮ್ಮ ಊರಿನ ಎಷ್ಟೋ ಮಾಣಿಗಳು ವಕೀಲರು, ಬ್ಯಾಂಕಿನವರು ಆದದ್ದು ಆ ರಾತ್ರಿ ಶಾಲೆಗಳಿಂದ. ನಾನು ಎಸ್ಸೆಸ್ಸಿ ಮಾಡಿ ಗಲ್ಲಾಕ್ಕೆ ಬಡ್ತಿ ಹೊಂದಿದೆ, ಅಷ್ಟೆ.

ಆಗ ಸಂಬಳ ಬಂದ ವಾರ ನಾನೂ ಇನ್ನೊಬ್ಬ ಮಾಣಿಯೂ ಕಯಾನಿಗೆ ಬರುತ್ತಿದ್ದೆವು. ನಮ್ಮ ಧನಿಗಳಿಗೆ ಗೊತ್ತಾದರೆ ಬೈಗುಳ ಖಂಡಿತ. "ಇರಾನಿಯಲ್ಲಿ ಎಂತದುಂಟು? ಅಲ್ಲಿ ಮೊಟ್ಟೆ, ಮಾಂಸ!" ಅಂತ. ಮನೆಯಲ್ಲಿ ಮೀನಿಲ್ಲದೆ ಊಟವೇ ಮಾಡದ ನಮ್ಮ ಧನಿಗಳು ಹೊಟೇಲಿನೊಳಗೆ ಮಾತ್ರ ಮಡಿವಂತರು. ಆದರೆ ನಮ್ಮನ್ನು ಸೆಳೆದದ್ದು ಮೊಟ್ಟೆಯಲ್ಲ. ಆ ಕುರ್ಚಿಯ ಮೇಲೆ ಕೂತರೆ 'ಏಳು' ಅನ್ನುವವರು ಯಾರೂ ಇರಲಿಲ್ಲ. ದಿನವಿಡೀ ಬೇರೆಯವರು ಕೂತ ಟೇಬಲ್ ಒರೆಸಿದವನಿಗೆ ತಾನು ಕೂತು ಬೇರೆಯವನ ಕೈಯಲ್ಲಿ ಟೇಬಲ್ ಒರೆಸಿಸಿಕೊಳ್ಳುವ ಸುಖ ಏನು ಅಂತ ಹೇಳಿದರೆ ನಿಮಗೆ ಅರ್ಥವಾಗಲಿಕ್ಕಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಗಮನಕ್ಕೆ ಬರುವುದು ಎತ್ತರ. ಮಾಡು ಎಷ್ಟು ಮೇಲಿದೆಯೆಂದರೆ ಮಧ್ಯದಲ್ಲಿ ಮರದ ಅಟ್ಟವೊಂದನ್ನು ಹಾಕಿ ಅದರಲ್ಲೂ ಜನ ಕೂರುವ ಹಾಗೆ ಮಾಡಿದ್ದಾರೆ. ಫ್ಯಾನುಗಳು ಉದ್ದನೆಯ ಸರಳಿನಿಂದ ಇಳಿಬಿದ್ದಿವೆ. ಟೇಬಲಿನ ಮೇಲೆ ಕೆಂಪು ಚೌಕಳಿ ಬಟ್ಟೆ, ಅದರ ಮೇಲೆ ಗಾಜು. ಗೋಡೆಯಲ್ಲಿ ಕನ್ನಡಿ, ಕಪಾಟಿನಲ್ಲಿ ದೊಡ್ಡ ದೊಡ್ಡ ಗಾಜಿನ ಭರಣಿಗಳು, ಅವುಗಳಲ್ಲಿ ಬಿಸ್ಕತ್ತು, ಖಾರಿ, ನಾನ್‌ಖಟಾಯಿ. ಬೆಳಿಗ್ಗೆಯ ಬಿಸಿಲು ರಸ್ತೆ ಕಡೆಯಿಂದ ಬಂದು ಭರಣಿಗಳ ಮೇಲೆ ಬಿದ್ದಾಗ ಎಣ್ಣೆ ಬಣ್ಣದ ಚಿತ್ರದ ಹಾಗೆ ಕಾಣುತ್ತದೆ. ಇರಾನಿ ಹೊಟೇಲುಗಳಲ್ಲಿ ಕನ್ನಡಿ ಯಾಕಿರುತ್ತದೆ ಅಂತ ಹುಡುಗಿ ಕೇಳಿದಳು. ಜಾಗ ದೊಡ್ಡದು ಕಾಣಲಿ ಅಂತ, ಬೆಳಕು ಒಳಮೂಲೆಗೂ ಹೋಗಲಿ ಅಂತ ಅವಳ ಮೇಷ್ಟ್ರು ಹೇಳಿದ್ದರಂತೆ. ಅದೂ ಸರಿಯೇ. ಆದರೆ ಗಲ್ಲಾದಲ್ಲಿ ಕೂತವನಿಗೆ ಬೆನ್ನ ಹಿಂದಿನ ಟೇಬಲಿನವನು ಬಿಲ್ಲು ಕೊಡದೆ ಎದ್ದನೋ ಅಂತ ಕಾಣುವುದು ಕನ್ನಡಿಯಲ್ಲೇ. ಇದನ್ನು ಮೇಷ್ಟ್ರು ಹೇಳಿರಲಿಕ್ಕಿಲ್ಲ, ಅವರು ಗಲ್ಲಾದಲ್ಲಿ ಕೂತಿಲ್ಲ.

ಇನ್ನು ಕುರ್ಚಿ. ಬಾಗಿಸಿದ ಮರದ, ತೆಳ್ಳಗಿನ, ಕೈಯಿಲ್ಲದ ಕುರ್ಚಿ. ಹುಡುಗಿ ಒಂದನ್ನು ಮೆಲ್ಲಗೆ ಓರೆ ಮಾಡಿ ಅಡಿಭಾಗ ನೋಡಿದಳು. ನಾನು ನಾಚಿಕೆಯಿಂದ ಆಚೆ ಮುಖ ಮಾಡಿದೆ. ಈ ಮಾದರಿ ವಿಯೆನ್ನಾದ ಥೋನೆಟ್ ಎಂಬವನದ್ದಂತೆ, 1859ರದ್ದು, ನಂಬರ್ 14 ಅಂತ ಹೆಸರು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ, ಕಬ್ಬಿಣದ ಅಚ್ಚಿಗೆ ಬಾಗಿಸಿ ಕಟ್ಟಿ ಒಣಗಿಸುವುದು. ಒಂದು ಕುರ್ಚಿಗೆ ಆರೇ ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿ ಜೋಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಯುತ್ತಿದ್ದವಂತೆ. ಯುರೋಪಿನಿಂದ ಹಡಗಿನಲ್ಲಿ ಬಂದು ಮುಂಬೈಯ ಇರಾನಿ ಹೊಟೇಲುಗಳನ್ನೆಲ್ಲ ತುಂಬಿದ ಗುಟ್ಟು ಇದು. ಮೂವತ್ತಾರು ಎಂಬ ಲೆಕ್ಕ ಕೇಳಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ತಿಂಡಿಗೆ ಬರುತ್ತೇನೆ, ಇಲ್ಲದಿದ್ದರೆ ಇದೆಂಥ ಹೊಟೇಲಿನ ವಿಮರ್ಶೆ ಅಂತ ಕೇಳುತ್ತೀರಿ.

ಬ್ರುನ್ ಮಸ್ಕಾ ತರಿಸಿದೆವು, ಅಂದರೆ ಬೆಣ್ಣೆ ಬಳಿದ ಬ್ರುನ್ ಬ್ರೆಡ್ಡು. ಬನ್ ಮಸ್ಕಾ ಮೆತ್ತಗೆ, ಸ್ವಲ್ಪ ಸಿಹಿ. ಬ್ರುನ್ ಹಾಗಲ್ಲ: ಹೊರಗೆ ಗಟ್ಟಿ ಗರಿಗರಿ ಸಿಪ್ಪೆ, ಒಳಗೆ ಹತ್ತಿ. ಚೂರಿ ಹಾಕಿದರೆ ಸದ್ದು ಬರಬೇಕು. ಅದನ್ನು ಸೀಳಿ ಬೆಣ್ಣೆ ಬಳಿದು ತುಂಡು ಮಾಡಿ ತರುತ್ತಾರೆ. ತಿನ್ನುವ ಕ್ರಮ ಒಂದೇ: ಚಹಾದಲ್ಲಿ ಅದ್ದಿ, ಮೂರು ಎಣಿಸಿ, ಬಾಯಿಗೆ. ಎರಡಕ್ಕೆ ತೆಗೆದರೆ ಅಂಗುಳು ಗೀರುತ್ತದೆ, ನಾಲ್ಕಕ್ಕೆ ತೆಗೆದರೆ ತುಂಡು ಕಪ್ಪಿನ ತಳಕ್ಕೆ. ಬೆಣ್ಣೆ ಚಹಾದ ಮೇಲೆ ಚಿನ್ನದ ಪೊರೆಯ ಹಾಗೆ ತೇಲುತ್ತದೆ. ಹುಡುಗಿಯ ಮೊದಲ ಎರಡು ತುಂಡು ಕಪ್ಪಿನಲ್ಲೇ ಮುಳುಗಿದವು. ಚಹಾ ಗಟ್ಟಿ ಹಾಲಿನದ್ದು, ಸಿಹಿ ಜಾಸ್ತಿ. ನನ್ನ ಸಕ್ಕರೆ ಕಾಯಿಲೆಗೆ ಅದು ಸಲ್ಲದು, ಆದರೆ ಅವತ್ತು ಬೆಳಿಗ್ಗೆ ಮಾತ್ರೆ ಒಂದು ಹೆಚ್ಚಿಗೆ ನುಂಗಿಕೊಂಡೇ ಹೊರಟಿದ್ದೆ. ಹೈದರಾಬಾದಿನ ಇರಾನಿ ಚಹಾ ಕುಡಿದು ಅಭ್ಯಾಸ ಇದ್ದವರಿಗೆ ಇದು ಬೇರೆ ಅನ್ನಿಸುತ್ತದೆ. ಅಲ್ಲಿ ಹಾಲನ್ನೂ ಡಿಕಾಕ್ಷನ್ನನ್ನೂ ಬೇರೆ ಬೇರೆ ಕಾಯಿಸಿ ಕೂಡಿಸುವ ಪದ್ಧತಿ. ಇಲ್ಲಿ 'ಪಾನಿ ಕಮ್' ಅಂದರೆ ಖಡಕ್ಕಾಗಿ ಬರುತ್ತದೆ.

ಕೀಮಾ ಪಾವ್ ಚೆನ್ನಾಗಿತ್ತು. ಮಸಾಲೆ ಹದ, ಮಾಂಸದ ರುಚಿ ಮೇಲೆ ನಿಂತಿತ್ತು. ನಮ್ಮ ಕಡೆಯವರಿಗೆ ಖಾರ ಕಡಿಮೆ ಅನ್ನಿಸಬಹುದು, ಬಂಟರ ಮನೆಯ ಮಸಾಲೆಯನ್ನು ಇಲ್ಲಿ ಹುಡುಕಬೇಡಿ. ಹುಡುಗಿ ಅಕುರಿ ತರಿಸಿದಳು, ಪಾರ್ಸಿಗಳ ಮೊಟ್ಟೆ ಬುರ್ಜಿ ಅನ್ನಿ, ಆದರೆ ಪೂರ್ತಿ ಒಣಗಿಸದೆ ಮೆತ್ತಗೆ ಇಳಿಸುವುದು. ಮಾವಾ ಕೇಕ್ ಮಾತ್ರ ಮಾತಿಲ್ಲದೆ ತಿಂದೆ. ಖೋವಾ, ಏಲಕ್ಕಿ, ಕಾಗದದ ಬಟ್ಟಲಿಗೆ ಅಂಟಿದ ಕಂದು ಅಂಚು. ಆ ಅಂಚನ್ನು ಕಾಗದದಿಂದ ಹಲ್ಲಿನಲ್ಲಿ ಕಿತ್ತು ತಿನ್ನಬೇಕು. ಅರವತ್ತೇಳರ ಮುದುಕ ಹಾಗೆ ಮಾಡಿದರೆ ಎದುರಿನ ಟೇಬಲಿನ ಕಾಲೇಜು ಹುಡುಗರು ನಗುತ್ತಾರೆ. ನಗಲಿ.

ಬ್ರುನ್ ಬಗ್ಗೆ ಒಂದು ಮಾತು. ಮುಂಬೈಯ ಬೇಕರಿಗಳಲ್ಲಿ ಪಾವ್, ಬ್ರುನ್ ಬೇಯುತ್ತಿದ್ದದ್ದು ಸೌದೆಯ ಭಟ್ಟಿಗಳಲ್ಲಿ. ಗಾಳಿ ಕೆಡುತ್ತದೆ ಎಂದು 2025ರ ಆರಂಭದಲ್ಲಿ ಬಾಂಬೆ ಹೈಕೋರ್ಟು ಸೌದೆ, ಇದ್ದಿಲಿನ ಭಟ್ಟಿಗಳನ್ನು ಆರು ತಿಂಗಳೊಳಗೆ ಗ್ಯಾಸಿಗೋ ವಿದ್ಯುತ್ತಿಗೋ ಬದಲಾಯಿಸಬೇಕು ಅಂದಿತು. ಹೊಗೆ ಕುಡಿದು ಬೆಳೆದವನು ನಾನು, ಹೊಗೆ ಬೇಕು ಅಂತ ಹೇಳುವುದಿಲ್ಲ. ಆದರೆ ಗ್ಯಾಸಿನ ಒಲೆಯಲ್ಲಿ ಆ ಗಟ್ಟಿ ಸಿಪ್ಪೆ ಬರಿಸಲು ಬೇಕರಿಯವರು ಪಡುವ ಪಾಡು ಗೊತ್ತು. ಹಳೇ ಭಟ್ಟಿಯ ಇಟ್ಟಿಗೆ ಕುಡಿದಿಟ್ಟ ಬಿಸಿ ಬೇರೆ.

ಈಗ ಮೂಲೆಯ ವಿಷಯ. ಹುಡುಗಿ ಬಂದದ್ದೇ ಅದಕ್ಕೆ.

ಇರಾನಿಗಳು ಅಂದರೆ ಪಾರ್ಸಿಗಳಲ್ಲ, ಅಥವಾ ಪಾರ್ಸಿಗಳ ತಡವಾಗಿ ಬಂದ ದಾಯಾದಿಗಳು ಅನ್ನಿ. ಪಾರ್ಸಿಗಳು ಗುಜರಾತಿಗೆ ಬಂದು ಸಾವಿರ ವರ್ಷ ದಾಟಿತು. ಇರಾನಿಗಳು ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ ಮತ್ತು ಇಪ್ಪತ್ತನೆಯದರ ಆರಂಭಕ್ಕೆ, ಹೆಚ್ಚಾಗಿ ಯಜ್ದ್ ಮತ್ತು ಕೆರ್ಮಾನ್ ಕಡೆಯಿಂದ. ಬರಗಾಲ, ಜೊತೆಗೆ ಜರತುಷ್ಟ್ರ ಧರ್ಮದವರಿಗೆ ಅಲ್ಲಿದ್ದ ಕಿರುಕುಳ. ಕೈಯಲ್ಲಿ ದುಡ್ಡಿಲ್ಲ. ಮುಂಬೈಯಲ್ಲಿ ಅವರಿಗೆ ಸಿಕ್ಕ ಮಳಿಗೆಗಳು ಮೂಲೆಯವು. ಹಿಂದೂ ವ್ಯಾಪಾರಿಗಳು ಮೂಲೆ ಅಂಗಡಿ ಅಶುಭ ಅಂತ ಮುಟ್ಟುತ್ತಿರಲಿಲ್ಲ, ಹಾಗಾಗಿ ಕಡಿಮೆ ಬಾಡಿಗೆಗೆ ಇರಾನಿಗಳಿಗೆ ಸಿಕ್ಕವು ಎಂಬುದು ಎಲ್ಲರೂ ಹೇಳುವ ಕಥೆ. ಹುಡುಗಿಯ ನೋಟುಬುಕ್ಕಿನಲ್ಲೂ ಅದೇ ಇತ್ತು.

ಇರಬಹುದು. ಆದರೆ ಬರೀ ಅಷ್ಟರಿಂದ ಮೂಲೆ ಹಿಡಿದರು ಅಂದರೆ ದಂಧೆ ಮಾಡಿದವನು ಒಪ್ಪುವುದಿಲ್ಲ. ಹಳೇ ಇರಾನಿಯೆಂದರೆ ಬರೀ ಚಹಾದಂಗಡಿಯಲ್ಲ. ಒಂದು ಬದಿಯಲ್ಲಿ ಟೇಬಲ್, ಕುರ್ಚಿ. ಇನ್ನೊಂದು ಬದಿಯಲ್ಲಿ ಸೋಪು, ಬೆಂಕಿಪೆಟ್ಟಿಗೆ, ಮೊಟ್ಟೆ, ಬ್ರೆಡ್ಡು, ಟೂತ್‌ಪೇಸ್ಟ್ ಮಾರುವ ಕೌಂಟರು. ಒಂದೇ ಮುಖದ ಅಂಗಡಿಯಲ್ಲಿ ಇವೆರಡನ್ನೂ ಇಟ್ಟರೆ ಸೋಪು ಕೊಳ್ಳುವವನು ಚಹಾ ಕುಡಿಯುವವನ ಕಾಲು ತುಳಿಯುತ್ತಾನೆ. ಮೂಲೆಗೆ ಎರಡು ಮುಖ. ಒಂದು ರಸ್ತೆಯ ಕಡೆ ಹೊಟೇಲು, ಇನ್ನೊಂದು ರಸ್ತೆಯ ಕಡೆ ಅಂಗಡಿ, ನಡುವೆ ಗಲ್ಲಾ. ಗಲ್ಲಾದಲ್ಲಿ ಕೂತ ಒಬ್ಬನೇ ಎರಡೂ ಕಡೆ ದುಡ್ಡು ತೆಗೆದುಕೊಳ್ಳಬಹುದು, ಒಂದು ಸಂಬಳ ಉಳಿಯಿತು. ಎರಡು ಬದಿ ತೆರೆದಿದ್ದರಿಂದ ಗಾಳಿ ಅಡ್ಡಲಾಗಿ ಹಾಯುತ್ತದೆ, ಹಗಲು ದೀಪ ಬೇಡ. ಎರಡು ರಸ್ತೆಯ ಜನ ಒಂದೇ ಬಾಗಿಲಿಗೆ. ಇಷ್ಟೆಲ್ಲ ಗೊತ್ತಿದ್ದೂ ಮೂಲೆ ಅಶುಭ ಅಂದವನು ವ್ಯಾಪಾರಿಯೇ ಅಲ್ಲ ಬಿಡಿ. ಮಾಟುಂಗದ ಕಿಂಗ್ಸ್ ಸರ್ಕಲ್ಲಿನಲ್ಲಿ ಕೂಲಾರ್ ಆ್ಯಂಡ್ ಕಂಪನಿ ಇದೆ, 1932ರದ್ದು. ಅದರ ಸುತ್ತ ನಮ್ಮವರ ಉಡುಪಿ ಹೊಟೇಲುಗಳೇ ತುಂಬಿದ್ದರೂ ಸರ್ಕಲ್ಲಿಗೆ ಮುಖ ಮಾಡಿದ ಆ ಜಾಗ ಇರಾನಿಯದ್ದು.

"ಇದನ್ನು ಬರೆದುಕೊ" ಅಂದೆ. ಅವಳು ಆಗಲೇ ಬರೆಯುತ್ತಿದ್ದಳು, ಗಲ್ಲಾ ಎಲ್ಲಿರುತ್ತದೆ ಅಂತ ಚಿತ್ರ ಸಮೇತ.

ಇನ್ನೊಂದು ಸಂಗತಿ ಅವಳಿಗೆ ಹೇಳಿದೆ, ಅವಳು ನಂಬಲಿಲ್ಲ. ಉಡುಪಿ ಹೊಟೇಲಿನವನು ಮಾರುವುದು ಇಡ್ಲಿ, ಕಾಯುವುದು ಕುರ್ಚಿ. ಗಿರಾಕಿ ಕೂತಷ್ಟು ಹೊತ್ತು ನಮಗೆ ನಷ್ಟ. ಅದಕ್ಕೇ ನಮ್ಮಲ್ಲಿ ತಿಂಡಿ ಮುಗಿಯುವ ಮೊದಲೇ ಬಿಲ್ಲು ಬರುತ್ತದೆ, ಒದ್ದೆ ಬಟ್ಟೆ ಹಿಡಿದ ಹುಡುಗ ಪಕ್ಕದಲ್ಲಿ ನಿಲ್ಲುತ್ತಾನೆ. ಹಾಗೆ ನಿಲ್ಲು ಅಂತ ನಾನೇ ಎಷ್ಟು ಹುಡುಗರಿಗೆ ಕಲಿಸಿದ್ದೇನೆ! ಇರಾನಿಯಲ್ಲಿ ಒಂದು ಚಹಾಕ್ಕೆ ಎರಡು ಗಂಟೆ ಕೂತವರಿದ್ದಾರೆ. ಅವನಿಗೆ ಹೇಗೆ ಪೂರೈಸುತ್ತಿತ್ತು? ನನಗೆ ಬಹಳ ವರ್ಷ ಇದು ಒಗಟು. ಉತ್ತರ ಸಿಕ್ಕಿದ್ದು ಬಾಡಿಗೆ ರಸೀದಿಯಲ್ಲಿ.

1947ರ ಬಾಂಬೆ ರೆಂಟ್ ಆ್ಯಕ್ಟ್ ಬಂದಾಗ ಹಳೇ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿದರು. ಚಹಾದ ಬೆಲೆ ಏರಿತು, ಬಾಡಿಗೆ ಅಲ್ಲೇ ನಿಂತಿತು. ಎತ್ತರದ ಮಾಡು, ಅಗಲದ ನೆಲ, ಎರಡು ರಸ್ತೆಯ ಮೂಲೆ, ಇಷ್ಟಕ್ಕೂ ಬಾಡಿಗೆ ಪುಡಿಗಾಸು. ಹಾಗಾಗಿ ಅವನು ಗಿರಾಕಿಗೆ ಹೊತ್ತನ್ನು ಧಾರಾಳವಾಗಿ ಕೊಡಬಲ್ಲವನಾದ. ಆದರೆ ಅದೇ ಕಾಯಿದೆಯ ಇನ್ನೊಂದು ಮಗ್ಗುಲೂ ಉಂಟು. ಬಾಡಿಗೆ ಬಾರದ ಕಟ್ಟಡವನ್ನು ಮಾಲೀಕ ಯಾಕೆ ರಿಪೇರಿ ಮಾಡುತ್ತಾನೆ? ಗಾರೆ ಉದುರಿತು, ತೊಲೆಗೆ ಗೆದ್ದಲು ಹತ್ತಿತು, ಮಳೆಗಾಲದಲ್ಲಿ ಕಟ್ಟಡಗಳು ಕುಸಿಯತೊಡಗಿದವು. ಸರ್ಕಾರ 1969ರಲ್ಲಿ ರಿಪೇರಿ ಬೋರ್ಡಿನ ಕಾಯಿದೆ ತಂದು, ದ್ವೀಪ ನಗರದ ಹಳೇ ಕಟ್ಟಡಗಳಿಂದ ಸೆಸ್ ಎಂಬ ತೆರಿಗೆ ವಸೂಲಿ ಮಾಡಿ ದುರಸ್ತಿ ಮಾಡಿಸುವ ವ್ಯವಸ್ಥೆ ಮಾಡಿತು. 1940ರ ಸೆಪ್ಟೆಂಬರಿಗಿಂತ ಮುಂಚಿನವು 'ಎ' ವರ್ಗ. ದಕ್ಷಿಣ ಮುಂಬೈಯಲ್ಲಿ ನಡೆಯುವಾಗ ಬಿದಿರಿನ ಅಟ್ಟಣಿಗೆ ಕಟ್ಟಿದ, ಕಬ್ಬಿಣದ ಕಂಬ ಆನಿಸಿದ ಕಟ್ಟಡಗಳು ಕಂಡರೆ ಹಿಂದಿರುವ ಲೆಕ್ಕಾಚಾರ ಇದು. ಗಿರಾಕಿಯನ್ನು ಕೂರಲು ಬಿಟ್ಟದ್ದೂ ಕಟ್ಟಡವನ್ನು ಕೂರಿಸಿದ್ದೂ ಒಂದೇ ಕಾಯಿದೆ.

ಒಂದು ಕಾಲಕ್ಕೆ ಈ ಊರಲ್ಲಿ ಮುನ್ನೂರೈವತ್ತು ಇರಾನಿಗಳಿದ್ದವು ಅನ್ನುತ್ತಾರೆ. ಈಗ ಬೆರಳು ಮಡಚಿ ಎಣಿಸಬಹುದು: ಮರೀನ್ ಲೈನ್ಸಿನಲ್ಲಿ 1913ರ ಸಾಸಾನಿಯನ್, ಬಲ್ಲಾರ್ಡ್ ಎಸ್ಟೇಟಿನಲ್ಲಿ 1923ರ ಬ್ರಿಟಾನಿಯಾ, ಇನ್ನು ಕೆಲವು. ಮಿಕ್ಕವು ಎಲ್ಲಿ ಹೋದವು? ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರು, ಕೆಲವರು ಹೊರದೇಶಕ್ಕೆ ಹೋದರು. ಮೂಲೆಗಳನ್ನು ಕೊಂಡವರಲ್ಲಿ ಬಹಳ ಮಂದಿ ನಮ್ಮವರೇ. ಇರಾನಿ ಇದ್ದಲ್ಲಿ ಶೆಟ್ಟರ ಪರ್ಮಿಟ್ ರೂಮ್, ಅಂದರೆ ಬಾರು, ಬಂತು. ಮುಂಬೈ ತುಳುವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಮೂವತ್ತಾರು ಕುರ್ಚಿಯ ಮಾತಿಗೆ ಬರುತ್ತೇನೆ. 1984ರಲ್ಲಿ ನಮ್ಮ ಧನಿಗಳು ದಾದರ್ ಕಡೆ ಒಂದು ಇರಾನಿಯ ಮೂಲೆ ಪಗಡಿಗೆ ಹಿಡಿದರು, ಅಂದರೆ ದೊಡ್ಡ ಮೊತ್ತ ಕೊಟ್ಟು ಹಳೇ ಬಾಡಿಗೆಯ ಹಕ್ಕು ಕೊಂಡರು. ಸೇಠ್ ಮುದುಕ, ಮಗಳು ಕೆನಡಾದಲ್ಲಿ. ಕೀಲಿಕೈ ಕೊಡುವಾಗ ಆತ ನನ್ನ ಕೈ ಹಿಡಿದು, "ಅಣ್ಣಾ, ಕುರ್ಸಿ ಅಚ್ಛಾ ಹೈ, ಫೇಂಕ್ನಾ ಮತ್" ಅಂದ. ಕುರ್ಚಿ ಚೆನ್ನಾಗಿವೆ, ಬಿಸಾಡಬೇಡ ಅಂತ. ಮುಂಬೈಯಲ್ಲಿ ನಮ್ಮವರೆಲ್ಲರೂ ಅಣ್ಣಾಗಳೇ. ನಾನು ತಲೆ ಆಡಿಸಿದೆ. ಮಾರನೇ ದಿನ ಎಣಿಸಿದೆ, ಸರಿಯಾಗಿ ಮೂವತ್ತಾರು. ವಾರದೊಳಗೆ ಹಳೇ ಸಾಮಾನು ಕೊಳ್ಳುವ ಚೋರ್ ಬಜಾರಿನವನು ಟೆಂಪೋ ತಂದು ಒಯ್ದ. ಬೆಲೆ ಕುದುರಿಸಿದವನು ನಾನೇ, ಒಳ್ಳೇ ಬೆಲೆಗೆ ಮಾರಿದೆನೆಂದು ಧನಿಗಳ ಶಹಬ್ಬಾಸ್‌ಗಿರಿ ಬೇರೆ. ಅಮೃತಶಿಲೆಯ ಟೇಬಲಿನ ಹಲಗೆಗಳನ್ನು ಅಡುಗೆ ಕೋಣೆಯಲ್ಲಿ ಹಿಟ್ಟು ನಾದುವುದಕ್ಕೆ ಇಟ್ಟುಕೊಂಡೆವು, ಮಿಕ್ಕದ್ದು ಒಡೆಯಿತು. ಮಾಡಿನ ಕೆಳಗೆ ಪ್ಲೈವುಡ್ಡಿನ ಸುಳ್ಳು ಮಾಡು ಹಾಕಿಸಿ ಮೇಲೆ ಗೋದಾಮು ಮಾಡಿದೆವು. ಟೇಬಲುಗಳಿಗೆ ಸನ್ಮೈಕಾ. ಆಮೇಲೆ ಊರಿನಿಂದ ಬಂದ ವಾಸ್ತುವಿನವರು ಎರಡನೇ ಬಾಗಿಲು ತೆಂಕು ಮುಖ, ಲಕ್ಷ್ಮಿ ನಿಲ್ಲುವುದಿಲ್ಲ ಅಂದರು. ಇಟ್ಟಿಗೆ ಕಟ್ಟಿ ಮುಚ್ಚಿಸಿದೆವು. ಇರಾನಿ ಯಾವ ಎರಡು ಮುಖಕ್ಕಾಗಿ ಆ ಮೂಲೆ ಹಿಡಿದಿದ್ದನೋ, ಅದರಲ್ಲಿ ಒಂದನ್ನು ನಾವು ದುಡ್ಡು ಕೊಟ್ಟು ಕೊಂಡು ಕುರುಡು ಮಾಡಿದೆವು. ಬೇಸಗೆಯಲ್ಲಿ ಒಳಗೆ ಉಸಿರು ಕಟ್ಟುತ್ತಿತ್ತು. ಎಸಿ ಹಾಕಿಸಿದೆವು, ಬಿಲ್ಲು ಏರಿಸಿದೆವು.

ಇದನ್ನು ಕಯಾನಿಯ ಕುರ್ಚಿಯ ಮೇಲೆ ಕೂತು ಹೇಳುವಾಗ ಹುಡುಗಿ ಪೆನ್ನು ಕೆಳಗಿಟ್ಟಳು. "ಮಾವ, ಮೂವತ್ತಾರು ಅಂದರೆ ಒಂದು ಪೆಟ್ಟಿಗೆ" ಅಂದಳು. ಹೌದು, ಒಂದು ಪೆಟ್ಟಿಗೆ. ಆ ಸೇಠಿನ ಅಪ್ಪನೋ ಅಜ್ಜನೋ ಬಂದರಿನಿಂದ ಬಿಡಿಸಿ ತಂದು ಕೂತು ಸ್ಕ್ರೂ ಹಾಕಿ ಜೋಡಿಸಿರಬೇಕು.

ಈಚೆಗೆ 'ಇರಾನಿ' ಎಂದು ಬೋರ್ಡು ಹಾಕಿದ ಹೊಸ ಕೆಫೆಗಳು ಮಾಲುಗಳಲ್ಲಿ ಬರುತ್ತಿವೆ. ಹೆಸರು ಬೇಡ, ಉಪನಗರದ ಒಂದಕ್ಕೆ ಮಗ ಕರೆದುಕೊಂಡು ಹೋಗಿದ್ದ. ಚೌಕಳಿ ಬಟ್ಟೆ, ಭರಣಿ, ಕನ್ನಡಿ ಎಲ್ಲ ಇದೆ. ಟೇಬಲ್ ತಟ್ಟಿ ನೋಡಿದೆ, ಅಮೃತಶಿಲೆಯ ಚಿತ್ರ ಅಂಟಿಸಿದ ಹಲಗೆ. ಗೋಡೆಗೆ ಹಳೇ ಗಾರೆ ಉದುರಿದ ಹಾಗೆ ಬಣ್ಣ ಬಳಿದಿದ್ದರು. ಉದುರಿದ ಗಾರೆಯನ್ನು ಬಣ್ಣದಲ್ಲಿ ಬಳಿಸಲು ಎಷ್ಟು ಕೂಲಿ ಕೊಟ್ಟಿರಬಹುದು ಅಂತಲೇ ನನ್ನ ಯೋಚನೆ. ಬನ್ ಮಸ್ಕಾ ಮುಗಿಸುವ ಮೊದಲೇ ಹುಡುಗ ಬಿಲ್ಲು ತಂದಿಟ್ಟ. ಅಲ್ಲಿ ಬಾಡಿಗೆ ಚದರಡಿ ಲೆಕ್ಕ, ಅವನ ತಪ್ಪಲ್ಲ.

ಕಯಾನಿಯಲ್ಲಿ ಅವತ್ತು ನಾವು ಕೂತದ್ದು ಒಂದು ಗಂಟೆ ನಲವತ್ತು ನಿಮಿಷ. ಗಡಿಯಾರ ನೋಡಿದವನು ನಾನೇ. ಪಕ್ಕದ ಟೇಬಲಿನಲ್ಲಿ ಗಿಟಾರಿನ ಚೀಲ ಹೊತ್ತ ಹುಡುಗನೊಬ್ಬ ಬಂದು ಕೂತ. ಇದೇ ಜೇರ್ ಮಹಲಿನಲ್ಲಿ ಫುರ್ಟಾಡೋಸ್ ಎಂಬ ಹಳೇ ವಾದ್ಯದಂಗಡಿಯೂ ಉಂಟು. ಆಚೆ ಒಬ್ಬ ವಕೀಲರು, ಮೂವರು ಝೇವಿಯರ್ಸ್ ಹುಡುಗಿಯರು, ಒಬ್ಬಳೇ ಕೂತು ಪೇಪರ್ ಓದುತ್ತಿದ್ದ ಪಾರ್ಸಿ ಅಜ್ಜಿ. ಐನೂರರ ನೋಟು ಕೊಟ್ಟೆ, ಚಿಲ್ಲರೆ ವಾಪಸು ಬಂತು. ಮನೆಗೆ ಆರು ಮಾವಾ ಕೇಕ್, ಖಾರಿ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಹೋಗುವುದಿದ್ದರೆ ಬೆಳಿಗ್ಗೆ ಹೋಗಿ, ರಸ್ತೆ ಕಡೆಯ ಟೇಬಲ್ ಹಿಡಿಯಿರಿ, ಮಂಡಿನೋವಿದ್ದವರು ಅಟ್ಟಕ್ಕೆ ಹತ್ತಬೇಡಿ. ಸಮಯ ಇಟ್ಟುಕೊಂಡು ಹೋಗಿ. ಹತ್ತು ನಿಮಿಷದಲ್ಲಿ ತಿಂದು ಓಡುವವರಿಗೆ ನಮ್ಮ ಹೊಟೇಲುಗಳೇ ಸಾಕು.

ಹಿಂತಿರುಗುವಾಗ ದಾದರಿನಲ್ಲಿ ಇಳಿಯೋಣ ಅಂತ ಹುಡುಗಿ ಹಟ ಹಿಡಿದಳು. ಆ ಮೂಲೆ ನೋಡಬೇಕಂತೆ. ಧನಿಗಳು ಅದನ್ನು ಮಾರಿ ಇಪ್ಪತ್ತು ವರ್ಷ ಆಯಿತು, ಈಗ ಮೊಬೈಲ್ ಅಂಗಡಿ. ಸುಳ್ಳು ಮಾಡು ಹಾಗೇ ಉಂಟು. ಆದರೆ ತೆಂಕು ಬದಿಗೆ ಹೋಗಿ ನೋಡಿದರೆ ನಾವು ಕಟ್ಟಿದ ಇಟ್ಟಿಗೆ ಗೋಡೆ ಇಲ್ಲ. ಯಾರೋ ಒಡೆದು ಆ ಬಾಗಿಲನ್ನು ತೆಗೆದಿದ್ದಾರೆ, ಒಳಗೊಂದು ಎಟಿ‌ಎಂ ಕೂರಿಸಿದ್ದಾರೆ. ಹುಡುಗಿ ಚೀಲದಿಂದ ಟೇಪು ತೆಗೆದು, ದುಡ್ಡು ತೆಗೆಯಲು ಸಾಲಿನಲ್ಲಿ ನಿಂತವರನ್ನು ಸ್ವಲ್ಪ ಸರಿಸಿ, ಅಗಲ ಅಳೆದಳು. ಐದಡಿ ಎರಡಿಂಚು. ಟೇಪಿನ ಇನ್ನೊಂದು ತುದಿ ಹಿಡಿದವನು ನಾನು.